ಮೂರು ಹುಲಿ, ಹದಿನೈದು ಆಡು ಮತ್ತು ನನ್ನ ಎಕ್ಸೆಲ್ ಶೀಟು

ಕಳೆದ ದೀಪಾವಳಿಗೆ ಬೆಂಗಳೂರಿಂದ ಕೊಳ್ಳೇಗಾಲಕ್ಕೆ ಹೋಗುವಾಗ ನನ್ನ ಬ್ಯಾಗಲ್ಲಿ ಲ್ಯಾಪ್‌ಟಾಪ್ ಜೊತೆ ಒಂದು ಸ್ಟೀಲ್ ಡಬ್ಬಿ ಇತ್ತು. ಬಸ್ಸಲ್ಲಿ ಪಕ್ಕ ಕೂತಿದ್ದ ಅಜ್ಜಿ, ‘ಏನಪ್ಪಾ ಅದು, ಸ್ವೀಟಾ?’ ಅಂತ ಕೇಳಿದರು. ಮುಚ್ಚಳ ತೆಗೆದು ತೋರಿಸಿದೆ. ಒಳಗೆ ಹತ್ತಿಯ ಮೇಲೆ ಸಾಲಾಗಿ ಮಲಗಿದ್ದ ಅರವತ್ತು ಸೈನಿಕರು. ಒಬ್ಬೊಬ್ಬನೂ ಒಂದಂಗುಲ ಎತ್ತರ. ಅಜ್ಜಿ ಡಬ್ಬಿಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, ‘ಮಗೂಗಾ?’ ಅಂದರು. ‘ನಂಗೇ’ ಅನ್ನೋಕೆ ನಾಚಿಕೆಯಾಗಿ ‘ಹೂಂ ಅಜ್ಜಿ’ ಅಂದೆ. ನಂಗಿನ್ನೂ ಮದುವೆಯೇ ಆಗಿಲ್ಲ.

ಇದು ಮಿನಿಯೇಚರ್ ವಾರ್‌ಗೇಮ್. ಪುಟ್ಟ ಗೊಂಬೆಗಳ ಸೈನ್ಯ ಕಟ್ಟಿ ಆಡೋ ಯುದ್ಧದಾಟ. ಚೆಸ್ ತರ ಮನೆಗಳಿರೋಲ್ಲ, ಊಟದ ಟೇಬಲ್ಲೇ ರಣರಂಗ. ನಾಲ್ಕು ಪುಸ್ತಕದ ಮೇಲೆ ಹಸಿರು ಬಟ್ಟೆ ಹಾಸಿದರೆ ಗುಡ್ಡ, ನೀಲಿ ರಿಬ್ಬನ್ ಬಿಟ್ಟರೆ ಹೊಳೆ. ಟೇಪ್ ಹಿಡಿದು ಅಳೆದು ಸೈನ್ಯ ನಡೆಸಬೇಕು, ದಾಳ ಹಾಕಿ ಗುಂಡು ತಾಗಿತೋ ಇಲ್ಲವೋ ನೋಡಬೇಕು. ಬೆಂಗಳೂರಲ್ಲಿ ನಾವು ಮೂವರು ಸ್ನೇಹಿತರು ಶನಿವಾರ ರಾತ್ರಿ ಆಡ್ತೀವಿ. ವಾರವೆಲ್ಲಾ ಕೋಡ್ ಬರೆದ ತಲೆಗೆ ಅದೊಂಥರಾ ಔಷಧಿ.

ಊರಲ್ಲಿರೋ ತಮ್ಮನಿಗೂ ಇದನ್ನು ಕಲಿಸಬೇಕು ಅನ್ನೋದು ನನ್ನ ಆಸೆ. ಚಿಕ್ಕವರಿದ್ದಾಗ ಜಾತ್ರೆಯಲ್ಲಿ ಕೊಂಡ ಪ್ಲಾಸ್ಟಿಕ್ ಸೈನಿಕರನ್ನು ಜಗಲಿ ಮೇಲೆ ನಿಲ್ಲಿಸಿ, ಗೋಲಿ ಹೊಡೆದು ಬೀಳಿಸ್ತಿದ್ದವರು ನಾವು. ಈಗ ನಾನು ಬೆಂಗಳೂರು, ಅವನು ಬೇಸಾಯ. ಫೋನಲ್ಲಿ ‘ಊಟ ಆಯ್ತಾ, ಮಳೆ ಆಯ್ತಾ’ ಬಿಟ್ಟರೆ ಮಾತೇ ಇರಲಿಲ್ಲ.

ಮೊದಲ ದಿನ ಸಂಜೆ ಆಡಿದ್ವಿ. ಮೂರು ಆಟ. ಮೂರೂ ನಾನೇ ಗೆದ್ದೆ. ನಾಲ್ಕನೇದಕ್ಕೆ ಕರೆದಾಗ ತಮ್ಮ, ‘ಸಮ ಸಮ ಅಂತೀಯ, ಆದ್ರೆ ಪ್ರತಿ ಸಲ ನೀನೇ ಗೆಲ್ತೀಯಲ್ಲಣ್ಣ?’ ಅಂತ ಕೇಳಿ, ಮೋಟಾರ್ ಆಫ್ ಮಾಡೋಕೆ ಎದ್ದು ಹೋದ.

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದದ್ದೇ ಈ ಸಲದ ಅಂಕಣ.

ಪಾಯಿಂಟ್ ಯಾಕೆ ಬಂತು?

ಈ ಆಟಗಳಲ್ಲಿ ಪ್ರತಿ ಗೊಂಬೆಗೂ ಒಂದು ಬೆಲೆ ಇರುತ್ತೆ. ಕಾಲಾಳಿಗೆ 5 ಪಾಯಿಂಟ್, ಕುದುರೆ ಸವಾರನಿಗೆ 12, ಫಿರಂಗಿಗೆ 50 ಅಂತ ಇಟ್ಕೊಳ್ಳಿ. ಇಬ್ಬರೂ ಸಾವಿರ ಪಾಯಿಂಟ್ ಮೀರದ ಹಾಗೆ ತಮಗೆ ಬೇಕಾದ ಸೈನ್ಯ ಕಟ್ಟಿಕೊಂಡು ಬರಬೇಕು. ಇಬ್ಬರ ಮೊತ್ತವೂ ಸಮ, ಹಾಗಾಗಿ ಆಟವೂ ನ್ಯಾಯ. ಕೇಳೋಕೆ ಚೆನ್ನಾಗಿದೆ ಅಲ್ವಾ?

ಹಾಗಂತ ಪಾಯಿಂಟ್ ಹುಟ್ಟಿನಿಂದ ಬಂದಿದ್ದಲ್ಲ. 1824ರಲ್ಲಿ ಪ್ರಷ್ಯಾದ ಸೈನ್ಯಾಧಿಕಾರಿ ರೈಸ್‌ವಿಟ್ಜ್ ‘ಕ್ರೀಗ್‌ಸ್ಪೀಲ್’ ಅನ್ನೋ ಯುದ್ಧದಾಟದ ನಿಯಮಗಳನ್ನು ತಂದಾಗ, ನಡುವೆ ಒಬ್ಬ ಪಂಚ ಇರ್ತಿದ್ದ. ಎರಡೂ ಕಡೆಯ ಹುಕುಂ ಓದಿ, ಏನಾಯ್ತು ಅಂತ ಹೇಳೋದು ಅವನ ಕೆಲಸ. ಸೈನ್ಯ ಸಮ ಇರಲೇಬೇಕು ಅನ್ನೋ ಹಟ ಇರಲಿಲ್ಲ, ಯಾಕಂದ್ರೆ ನಿಜವಾದ ಯುದ್ಧದಲ್ಲಿ ಅದು ಸಮ ಇರೋಲ್ಲ. ‘ಟೈಮ್ ಮಷಿನ್’ ಬರೆದ ಎಚ್.ಜಿ. ವೆಲ್ಸ್ 1913ರಲ್ಲಿ ಆಟಿಕೆ ಸೈನಿಕರಿಗಾಗಿಯೇ ‘ಲಿಟಲ್ ವಾರ್ಸ್’ ಅನ್ನೋ ಪುಸ್ತಕ ಬರೆದ. ಅದರಲ್ಲಿ ಒಂದು ನಿಯಮ ನಂಗೆ ತುಂಬಾ ಇಷ್ಟ. ಒಬ್ಬ ಆಟಗಾರ ಗುಡ್ಡ, ಮನೆ, ಮರ ಎಲ್ಲಾ ಜೋಡಿಸಬೇಕು. ಯಾವ ಕಡೆಯಿಂದ ಆಡೋದು ಅಂತ ಇನ್ನೊಬ್ಬ ಆರಿಸಿಕೊಳ್ಳಬೇಕು. ಈ ನಿಯಮ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಪಾಯಿಂಟ್ ಬೇಡವೇ ಬೇಡ ಅಂತ ದೊಡ್ಡ ಕಂಪನಿಯೇ ಒಂದು ಸಲ ಪ್ರಯತ್ನ ಮಾಡಿತ್ತು. 1983ರಿಂದ ಇರೋ ‘ವಾರ್‌ಹ್ಯಾಮರ್’ ಈ ಹವ್ಯಾಸದ ದೊಡ್ಡ ಹೆಸರು. 2015ರಲ್ಲಿ ಅವರು ‘ಏಜ್ ಆಫ್ ಸಿಗ್ಮಾರ್’ ಅನ್ನೋ ಹೊಸ ಆಟ ತಂದಾಗ ಪಾಯಿಂಟ್ ತೆಗೆದೇ ಬಿಟ್ಟರು. ಇರೋ ಗೊಂಬೆ ಎಲ್ಲಾ ತನ್ನಿ, ಖುಷಿಯಾಗಿ ಆಡಿ ಅಂತ. ಕೆಲವು ನಿಯಮ ಎಷ್ಟು ತಮಾಷೆ ಅಂದ್ರೆ, ಒಬ್ಬ ವೀರನಿಗೆ, ಆಡಿಸೋನ ಮೀಸೆ ಎದುರಾಳಿಯ ಮೀಸೆಗಿಂತ ಜೋರಾಗಿದ್ದರೆ ತಪ್ಪಿದ ದಾಳ ಮತ್ತೆ ಹಾಕೋ ಅವಕಾಶ! ಗೆಳೆಯರ ಮನೆಯಲ್ಲಿ ಇದು ನಡೆಯುತ್ತೆ. ಆದ್ರೆ ಗುರುತಿಲ್ಲದ ಇಬ್ಬರು ಒಂದು ಟೂರ್ನಮೆಂಟಲ್ಲಿ ಎದುರಾದರೆ? ಒಬ್ಬ ಹತ್ತು ಗೊಂಬೆ ತಂದ, ಇನ್ನೊಬ್ಬ ನೂರು ತಂದ. ನ್ಯಾಯ ಹೇಳೋರು ಯಾರು? 2016ರಲ್ಲಿ ಹೊಸ ಕೈಪಿಡಿ ತಂದು ಪಾಯಿಂಟನ್ನು ವಾಪಸ್ ಕರೆದರು. ಆಟಗಾರರು ನಿಟ್ಟುಸಿರು ಬಿಟ್ಟರು.

ನಂಗೆ ಅನಿಸಿದ್ದು ಇಷ್ಟು: ಪಾಯಿಂಟ್ ಅನ್ನೋದು ಆಟೋ ಮೀಟರ್ ಇದ್ದ ಹಾಗೆ. ಗುರುತಿಲ್ಲದವರ ನಡುವೆ ಜಗಳ ತಪ್ಪಿಸೋಕೆ ಬೇಕೇ ಬೇಕು. ಹಾಗಾದ್ರೆ ಅಣ್ಣ ತಮ್ಮನ ನಡುವೆ ಮೀಟರ್ ಹಾಕಿದ್ದು ತಪ್ಪಾಯ್ತಾ?

ಅದಕ್ಕಿಂತ ದೊಡ್ಡ ತಪ್ಪೊಂದಿತ್ತು. ಮೊತ್ತ ಸಮ ಇತ್ತು ನಿಜ, ಆದ್ರೆ ಪಾಯಿಂಟ್ ಪಟ್ಟಿಯನ್ನು ಆರು ತಿಂಗಳು ಎಕ್ಸೆಲ್ಲಲ್ಲಿ ಅರೆದು ಕುಡಿದವನು ನಾನೊಬ್ಬನೇ. ಯಾವ ಗೊಂಬೆ ಬೆಲೆಗಿಂತ ಹೆಚ್ಚು ಕೆಲಸ ಮಾಡುತ್ತೆ, ಯಾವುದು ದಂಡ ಅಂತ ನಂಗೆ ಗೊತ್ತಿತ್ತು. ತಮ್ಮ ಕುದುರೆ ಚೆನ್ನಾಗಿದೆ ಅಂತ ಕುದುರೆ ತಗೊಂಡ. ನಾನು ಟೇಬಲ್ ಮಧ್ಯೆ ಕೆಸರುಗದ್ದೆ ಇಟ್ಟೆ. 12 ಪಾಯಿಂಟಿನ ಕುದುರೆ ಕೆಸರಲ್ಲಿ 2 ಪಾಯಿಂಟಿಗೂ ಬಾಳಲಿಲ್ಲ. ಆಟ ಶುರುವಾಗೋ ಮೊದಲೇ ಅವನು ಸೋತಿದ್ದ.

ಅವ್ವನ ಹುಲಿ

ಮಾರನೇ ದಿನ ಮಧ್ಯಾಹ್ನ ಅವ್ವ ನಮ್ಮಿಬ್ಬರ ಮುಖ ನೋಡಿ ಏನೋ ಅರ್ಥ ಮಾಡ್ಕೊಂಡ್ರು. ನಡುಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ತ್ರಿಕೋನ ಎಳೆದು, ಅಡ್ಡಗೆರೆ ಹಾಕಿ, ‘ಬನ್ರಲಾ ಇಲ್ಲಿ’ ಅಂದರು. ಆಡು ಹುಲಿ ಆಟ. ಮೂರು ಕಲ್ಲು ಹುಲಿ, ಹದಿನೈದು ಹುಣಸೆ ಬೀಜ ಆಡು. ಗೆರೆ ಸೇರೋ ಜಾಗ 23.

ಅವ್ವನ ತವರು ಹನೂರು ಕಡೆ. ಹುಡುಗಿಯಾಗಿದ್ದಾಗ ಮೇಕೆ ಮೇಯಿಸೋಕೆ ಹೋದ ಕಡೆ ಬಂಡೆ ಮೇಲೆ ಇದ್ದಿಲಲ್ಲಿ ಗೆರೆ ಎಳೆದು ಆಡಿದ ಆಟ ಇದು. ಅಲ್ಲಿಯವರಿಗೆ ಹುಲಿ ಬರೀ ಆಟದ ಕಾಯಿ ಅಲ್ಲ. ಅತ್ತ ಹುಲಿ ಏರಿದ ಮಾದಪ್ಪನ ಬೆಟ್ಟ, ಇತ್ತ ಯಳಂದೂರಿಗೆ ಕಾಣೋ ಬಿಳಿಗಿರಿರಂಗನ ಬೆಟ್ಟ. ಅದು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೂ ಆಯ್ತು. ಮೇಕೆ ಕಳ್ಕೊಂಡವರ ಕತೆ ಪ್ರತಿ ಊರಲ್ಲೂ ಇದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಆಡುಗಳನ್ನು ಒಂದೊಂದಾಗಿ ಇಡಬೇಕು, ಎಲ್ಲಾ ಇಟ್ಟಾಗೋವರೆಗೆ ಸರಿಸೋ ಹಾಗಿಲ್ಲ. ಹುಲಿ ಪಕ್ಕದ ಆಡಿನ ಮೇಲೆ ಹಾರಿ ಆಚೆ ಖಾಲಿ ಜಾಗಕ್ಕೆ ಬಿದ್ದರೆ ಆಡು ಹೋಯ್ತು. ಮೂರೂ ಹುಲಿ ಅಲ್ಲಾಡದ ಹಾಗೆ ಕಟ್ಟಿಹಾಕಿದರೆ ಆಡು ಗೆದ್ದ ಹಾಗೆ. ಒಂದು ಕಡೆಯವನ ಗುರಿ ತಿನ್ನೋದು, ಇನ್ನೊಂದು ಕಡೆಯವನ ಗುರಿ ಕಟ್ಟೋದು. ಕಾಯಿಯ ಸಂಖ್ಯೆ ಬೇರೆ, ನಡಿಗೆ ಬೇರೆ, ಗೆಲ್ಲೋ ದಾರಿಯೂ ಬೇರೆ.

ಅವ್ವ ಆಡು ಹಿಡಿದು ನಮ್ಮಿಬ್ಬರನ್ನೂ ಸೋಲಿಸಿದರು. ಆಮೇಲೆ ಹುಲಿ ಹಿಡಿದೂ ಸೋಲಿಸಿದರು.

ನನ್ನೊಳಗಿನ ಇಂಜಿನಿಯರ್ ಸುಮ್ಮನಿರಬೇಕಲ್ಲ. ‘ಹದಿನೈದು ಭಾಗಿಸು ಮೂರು. ಅಂದ್ರೆ ಒಂದು ಹುಲಿ ಐದು ಆಡಿಗೆ ಸಮ, ಅಲ್ವಾ ಅವ್ವ?’ ಅಂದೆ. ಅವ್ವ ಮೂಲೆಯಲ್ಲಿ ಸಿಕ್ಕಿಬಿದ್ದ ಹುಲಿಯನ್ನು ತೋರಿಸಿ, ‘ಈಗ ಇದು ಯಾಕಡೆಗೆ ಸಮ?’ ಅಂದರು.

ಚೆಸ್ಸಿಗೂ ಈ ಮಾತು ಒಪ್ಪುತ್ತೆ. ಪದಾತಿಗೆ 1, ಕುದುರೆಗೆ 3, ಆನೆಗೆ 5, ರಾಣಿಗೆ 9 ಅಂತ ಕಲಿಸ್ತಾರೆ. ಆದ್ರೆ ಅದು ಹೊಸಬರಿಗೆ ಕಾಯಿ ಅದಲುಬದಲು ಮಾಡುವಾಗ ಅಂದಾಜಿಗೆ ಇರೋ ಲೆಕ್ಕ. ರಾಣಿ ಬಿಟ್ಟುಕೊಟ್ಟು ಚೆಕ್‌ಮೇಟ್ ಮಾಡಿದವನ ಮುಂದೆ 9 ಪಾಯಿಂಟ್ ಯಾವ ಮೂಲೆಗೆ?

ಆಡು ಹುಲಿ ಆಟದ ನೇಪಾಳಿ ಸೋದರ ‘ಬಾಘ್ ಚಾಲ್’. ಅದರಲ್ಲಿ 4 ಹುಲಿ, 20 ಆಡು. ಕಂಪ್ಯೂಟರ್ ವಿಜ್ಞಾನಿಗಳಾದ ಲಿಮ್ ಯೂ ಜಿನ್ ಮತ್ತು ಯೂರ್ಗ್ ನೀವರ್‌ಗೆಲ್ಟ್ ಅದನ್ನು ಪೂರ್ತಿ ಲೆಕ್ಕ ಹಾಕಿ, ಇಬ್ಬರೂ ತಪ್ಪಿಲ್ಲದೆ ಆಡಿದರೆ ಆಟ ಡ್ರಾ ಅಂತ ತೋರಿಸಿದ್ದಾರೆ. ಆ ಸಮತೋಲನವನ್ನು ಯಾರೂ ಪಾಯಿಂಟ್ ಪಟ್ಟಿ ಹಿಡಿದು ಮಾಡಿದ್ದಲ್ಲ. ತಲೆತಲಾಂತರ ಆಡಿ, ಒಂದು ಕಡೆ ವಾಲಿದಾಗ ಕಾಯಿ ಕೂಡಿಸಿ ಕಳೆದು ಬಂದಿದ್ದಿರಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ನೂರಾರು ವರ್ಷದ ಟೆಸ್ಟಿಂಗ್.

ಅಷ್ಟಾದ್ರೂ ಅವ್ವ ಒಂದು ಆಟಕ್ಕೆ ಮುಗಿಸೋಲ್ಲ. ‘ಈಗ ನೀ ಹುಲಿ ಆಗು, ನಾ ಆಡು ಆಯ್ತೀನಿ’ ಅನ್ನೋದು ಅವರ ಕಾಯಂ ನಿಯಮ. ಎರಡೂ ಕಡೆ ಆಡಿದ ಮೇಲೇ ಸೋಲು ಗೆಲುವಿನ ಮಾತು.

ಗೆದ್ದೂ ವಾಪಸ್ ಹೋದವರು

ಇದು ಒಂದು ದಿನದ ಆಟದ ಮಾತಾಯ್ತು. ನಂಗೆ ಬೇಕಿದ್ದಿದ್ದು ಕ್ಯಾಂಪೇನ್. ಅಂದ್ರೆ ಒಂದಕ್ಕೊಂದು ಸೇರಿದ ಯುದ್ಧಗಳ ಸರಣಿ. ಇವತ್ತು ಸತ್ತ ಸೈನಿಕ ನಾಳೆ ಎದ್ದು ಬರೋಲ್ಲ, ಇವತ್ತು ಬಿಟ್ಟ ಊರು ನಾಳೆ ಶತ್ರುವಿನದು. ನಾನು ಹಬ್ಬಕ್ಕೊಮ್ಮೆ ಬಂದಾಗ ಮುಂದುವರಿಸಬಹುದಾದ ಆಟ.

ಅದಕ್ಕೆ ಕತೆ ಹುಡುಕೋಕೆ ದೂರ ಹೋಗಬೇಕಿರಲಿಲ್ಲ. ಕೊಳ್ಳೇಗಾಲದಿಂದ ಕಾವೇರಿ ದಾಟಿದರೆ ಮಳವಳ್ಳಿ. 1799ರ ಮಾರ್ಚ್ 27ರಂದು ಜನರಲ್ ಹ್ಯಾರಿಸ್‌ನ ಸೈನ್ಯಕ್ಕೂ ಟಿಪ್ಪು ಸೈನ್ಯಕ್ಕೂ ಕದನ ನಡೆದ ಜಾಗ. ಅದಾದ ಮೇಲೆ ಹ್ಯಾರಿಸ್ ನೇರ ದಾರಿ ಬಿಟ್ಟು ಸೋಸಲೆ ಹತ್ತಿರ ಕಾವೇರಿ ದಾಟಿದ. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ನಮ್ಮ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿ, 1956ರವರೆಗೆ ಅಲ್ಲೇ ಇದ್ದದ್ದು ಕೂಡ ಆ ಯುದ್ಧಗಳ ಬಾಲವೇ.

ಆದ್ರೆ ಪಾಯಿಂಟ್ ಪ್ರಶ್ನೆಗೆ ನಿಜವಾದ ಉತ್ತರ ಸಿಕ್ಕಿದ್ದು ಅದಕ್ಕಿಂತ ಎಂಟು ವರ್ಷ ಹಿಂದೆ, 1791ರಲ್ಲಿ. ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರ ಅರಕೆರೆಯಲ್ಲಿ ಟಿಪ್ಪು ಸೈನ್ಯವನ್ನು ಹಿಮ್ಮೆಟ್ಟಿಸಿದ. ನನ್ನ ಎಕ್ಸೆಲ್ ಶೀಟಿಗೆ ಹಾಕಿದ್ದರೆ ಕಾರ್ನ್‌ವಾಲಿಸ್‌ಗೆ ಪೂರ್ತಿ ಅಂಕ. ಆದ್ರೆ ಅವನ ಎತ್ತುಗಳು ಮೇವಿಲ್ಲದೆ, ರೋಗ ಬಂದು ಸತ್ತಿದ್ದವು. ಮಳೆ ಹಿಡಿದಿತ್ತು. ಸೈನ್ಯಕ್ಕೆ ಅಕ್ಕಿ ಇಲ್ಲ. ಕೋಟೆ ಒಡೆಯೋಕೆ ಅಷ್ಟು ದೂರದಿಂದ ಎಳೆದು ತಂದಿದ್ದ ದೊಡ್ಡ ಫಿರಂಗಿಗಳನ್ನು ಎಳೆಯೋ ಎತ್ತಿಲ್ಲದೆ ತಾನೇ ನಾಶ ಮಾಡಿ ವಾಪಸ್ ಹೊರಟ. ಕದನ ಗೆದ್ದ, ಕ್ಯಾಂಪೇನ್ ಸೋತ.

ಮುಂದಿನ ವರ್ಷ ಅವನು ಬಂದಿದ್ದು ಬೇರೆ ತಯಾರಿಯಲ್ಲಿ. ಧಾನ್ಯ ಹೊತ್ತು ಸೈನ್ಯದ ಹಿಂದೆ ಬರೋ ಬಂಜಾರರನ್ನು ನೆಚ್ಚಿಕೊಂಡು ಬಂದ. 1792ರ ಫೆಬ್ರುವರಿಯಲ್ಲಿ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದು ನಿಂತ.

ಎರಡು ವರ್ಷದ ನಡುವೆ ದೊಡ್ಡ ವ್ಯತ್ಯಾಸ ಹೊಟ್ಟೆಯ ಲೆಕ್ಕ. ಈ ಲೆಕ್ಕದ ಮನುಷ್ಯನೊಬ್ಬ ನಮ್ಮ ಕಡೆಗೂ ಸೇರಿದವನು. ಹೈದರ್ ಮತ್ತು ಟಿಪ್ಪು ಕಾಲದಲ್ಲಿ ಲೆಕ್ಕಪತ್ರ ನೋಡಿಕೊಂಡು, ಆಮೇಲೆ ಮೈಸೂರಿನ ದಿವಾನರಾದ ಪೂರ್ಣಯ್ಯ. 1807ರಲ್ಲಿ ಅವರಿಗೆ ಜಹಗೀರಾಗಿ ಸಿಕ್ಕಿದ್ದು ಯಳಂದೂರು.

ಎತ್ತು ಪಾಯಿಂಟ್ ತಿಂತದಾ?

ಇದನ್ನೆಲ್ಲಾ ರಾತ್ರಿ ಊಟ ಮಾಡ್ತಾ ತಮ್ಮನಿಗೆ ಹೇಳಿದೆ. ಸುಮ್ಮನೆ ಕೇಳಿಸ್ಕೊಂಡ. ಆಮೇಲೆ ನಾನು, ‘ಎತ್ತಿನ ಗಾಡಿಗೂ ಒಂದಿಷ್ಟು ಪಾಯಿಂಟ್ ಇಡೋಣ’ ಅಂದಾಗ ನಕ್ಕ.

‘ಎತ್ತು ಪಾಯಿಂಟ್ ತಿಂತದಾ? ಹುಲ್ಲು ತಿಂತದ ಕಣಣ್ಣ.’

ಅಲ್ಲಿಂದ ಆಟ ಅವನ ಕೈಗೆ ಹೋಯ್ತು. ಒಂದು ಜೊತೆ ಎತ್ತಿಗೆ ದಿನಕ್ಕೆ ಎಷ್ಟು ಮೇವು, ಬೇಸಿಗೆಯಲ್ಲಿ ಎಷ್ಟು ದೂರ ನಡೆದೀತು, ಗೊರಸು ಸವೆದರೆ ಎಷ್ಟು ದಿನ ನಿಲ್ಲಬೇಕು ಅನ್ನೋದೆಲ್ಲಾ ಅವನಿಗೆ ಬಾಯಿಪಾಠ. ನಂಗೆ ಗೊತ್ತಿದ್ದಿದ್ದು ದಾಳದ ಸಂಭವನೀಯತೆ ಅಷ್ಟೇ. ಇಬ್ಬರೂ ಹಳೇ ಕ್ಯಾಲೆಂಡರ್ ಹಿಂದೆ ನಕ್ಷೆ ಬರೆದ್ವಿ. ನಿಯಮ ಒಂದೇ ಪುಟಕ್ಕೆ ಮುಗೀತು.

ಒಂದು ಸರದಿ ಅಂದ್ರೆ ಒಂದು ವಾರ, ಮಾರ್ಚಿಂದ ಶುರು. ಕಂಪನಿ ಸೈನ್ಯ ದೊಡ್ಡದು, ಟಿಪ್ಪು ಸೈನ್ಯ ಚಿಕ್ಕದು. ಕಂಪನಿಯವನು ದೊಡ್ಡ ಫಿರಂಗಿ ಸಮೇತ ಶ್ರೀರಂಗಪಟ್ಟಣ ತಲುಪಿ ಕೋಟೆ ಒಡೆಯಬೇಕು. ಟಿಪ್ಪು ಕಡೆಯವನು ಕದನ ಗೆಲ್ಲಲೇಬೇಕು ಅಂತಿಲ್ಲ. ಕಾವೇರಿ ತುಂಬೋವರೆಗೆ ಉಳಿದರೆ ಸಾಕು. ದಾರಿಯ ಊರಿನ ಮೇವು ಸುಡಬಹುದು, ಆದ್ರೆ ಸುಟ್ಟ ಊರಲ್ಲಿ ತನ್ನ ಕುದುರೆಗೂ ಹುಲ್ಲಿಲ್ಲ. ಮೇ ಕೊನೆಯಿಂದ ವಾರಕ್ಕೊಂದು ದಾಳ. ಮೊದಲ ವಾರ ಆರು ಬಿದ್ದರೆ ಹೊಳೆ ತುಂಬಿತು. ಮುಂದಿನ ವಾರ ಐದೋ ಆರೋ. ಹೀಗೆ ಏರ್ತಾ ಹೋಗುತ್ತೆ. ಒಂದು ಕ್ಯಾಂಪೇನ್ ಮುಗಿದ ಮೇಲೆ ಕಡೆ ಬದಲಿಸಿ ಇನ್ನೊಂದು. ಅದು ಅವ್ವನ ನಿಯಮ.

ಎಲ್ಲೂ ಪಾಯಿಂಟ್ ಇಲ್ಲ. ಹಾಗಂತ ಲೆಕ್ಕ ಇಲ್ಲ ಅಂತಲ್ಲ. ಎತ್ತು, ಮೇವು, ದಿನ, ಮಳೆ, ಎಲ್ಲದರ ಲೆಕ್ಕವೂ ಇದೆ. ಅದನ್ನೆಲ್ಲಾ ಒಂದೇ ಸಂಖ್ಯೆಗೆ ಇಳಿಸಿ ‘ಸಮ’ ಅನ್ನೋದನ್ನು ಮಾತ್ರ ಬಿಟ್ಟಿದ್ದೀವಿ.

ಮೊದಲ ಸುತ್ತಲ್ಲಿ ನಾನು ಕಂಪನಿ. ಎರಡು ಕದನ ಗೆದ್ದೆ. ಮೇ ಎರಡನೇ ವಾರಕ್ಕೆ ಎಳೆಯೋ ಎತ್ತಿಲ್ಲದೆ ಫಿರಂಗಿ ಮಳವಳ್ಳಿಯಲ್ಲೇ ಬಿಟ್ಟೆ. ತಮ್ಮನ ಮುಖದಲ್ಲಿ ಆ ನಗು ನೋಡಿ ಎಷ್ಟು ವರ್ಷ ಆಗಿತ್ತೋ.

ಭಾಗ ಮಾಡಿದವನು ಆರಿಸೋ ಹಾಗಿಲ್ಲ

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಸಂಕ್ರಾಂತಿಗೆ ಹೋದಾಗ ಅಪ್ಪ, ‘ನಾನಿರೋವಾಗ್ಲೇ ಭಾಗ ಮಾಡ್ಬಿಡ್ತೀನಿ ಕಣ್ರಪ್ಪ’ ಅಂದರು. ನಮ್ಮದು ದೊಡ್ಡ ಆಸ್ತಿ ಏನಲ್ಲ. ಯಳಂದೂರು ಕಡೆ ನಾಲೆ ನೀರಿನ ಗದ್ದೆ ಒಂದೂವರೆ ಎಕರೆ. ಹನೂರು ಕಡೆ ಮಳೆ ನಂಬಿದ ಹೊಲ ನಾಲ್ಕು ಎಕರೆ, ಅದರಲ್ಲಿ ಒಂದು ಬೋರ್‌ವೆಲ್. ಕೊಳ್ಳೇಗಾಲದ ಮನೆ ಅಪ್ಪ ಅವ್ವ ಇರೋವರೆಗೆ ಅವರದೇ.

ನಾನು ಏನು ಮಾಡಿದೆ ಗೊತ್ತಾ? ರಾತ್ರಿ ಕೂತು ಎಕ್ಸೆಲ್ ಶೀಟ್ ಮಾಡಿದೆ. ನೀರಿಗೆ ಇಷ್ಟು, ರಸ್ತೆಗೆ ಇಷ್ಟು, ಮಣ್ಣಿಗೆ ಇಷ್ಟು, ಮಾರ್ಕೆಟ್ ರೇಟಿಗೆ ಇಷ್ಟು. ಎರಡೂ ಕಡೆ ಮೊತ್ತ ಸಮ ಬರೋ ಹಾಗೆ ಗೆರೆ ಎಳೆದೆ. ಮೋಸ ಮಾಡೋ ಉದ್ದೇಶ ಇರಲಿಲ್ಲ, ನಿಜವಾಗಲೂ. ನ್ಯಾಯವಾಗಿರಬೇಕು ಅಂತಲೇ ಮಾಡಿದ್ದು.

ತಮ್ಮ ಮೊಬೈಲಲ್ಲಿ ಶೀಟ್ ನೋಡಿದ. ಮೇಲೆ ಕೆಳಗೆ ಎರಡು ಸಲ ಸರಿಸಿದ. ‘ಎಂಟು ವರ್ಷ ರಾತ್ರಿ ಅಟ್ಟಣೆ ಮೇಲೆ ಕೂತು ಆನೆ ಕಾದಿದ್ದು ಇದ್ರಲ್ಲಿ ಯಾವ್ ಕಾಲಮ್ಮಲ್ಲದ ಅಣ್ಣ?’ ಅಂದ. ಫೋನ್ ವಾಪಸ್ ಕೊಟ್ಟು ಹೊರಗೆ ಹೋದ. ಅವ್ವ ಒಳಗೆ ಹೋಗಿ ಬಾಗಿಲು ಮುಂದೆ ಮಾಡ್ಕೊಂಡ್ರು.

ನಾನು ಮತ್ತೆ ಅದೇ ತಪ್ಪು ಮಾಡಿದ್ದೆ. ಪಟ್ಟಿ ಬರೆದವನೂ ನಾನೇ, ಕೆಸರುಗದ್ದೆ ಎಲ್ಲಿಡಬೇಕು ಅಂತ ತೀರ್ಮಾನಿಸಿದವನೂ ನಾನೇ. ಮೊತ್ತ ಸಮ ಇದೆ ನೋಡು ಅಂತ ಅವನಿಗೆ ಹೇಳಿದವನೂ ನಾನೇ.

ಬೆಳಿಗ್ಗೆ ಅಪ್ಪನ ಹತ್ತಿರ ಹೋಗಿ, ‘ನಾನು ಭಾಗ ಮಾಡ್ತೀನಿ, ಅವನು ಮೊದಲು ಆರಿಸ್ಕೊಳ್ಳಲಿ’ ಅಂದೆ. ಅಪ್ಪನಿಗೇನೂ ಆಶ್ಚರ್ಯ ಆಗಲಿಲ್ಲ. ‘ನಮ್ ಅಪ್ಪನೂ ಹಂಗೇ ಮಾಡ್ಸಿದ್ದು. ದೊಡ್ಡೋನು ಭಾಗ ಇಡಬೇಕು, ಚಿಕ್ಕೋನು ಎತ್ತಬೇಕು’ ಅಂದರು. ವೆಲ್ಸ್‌ನ ಪುಸ್ತಕದ ನಿಯಮ ನಮ್ಮ ತಾತನಿಗೂ ಗೊತ್ತಿತ್ತು!

ಅವನೇ ಮೊದಲು ಎತ್ತೋದು ಅಂತ ಗೊತ್ತಾದ ಮೇಲೆ ಭಾಗ ಇಡೋ ಕೈಯೇ ಬೇರೆ. ಪ್ರತಿ ಬದುವನ್ನೂ ಅವನ ಕಣ್ಣಲ್ಲಿ ನೋಡಬೇಕಾಯ್ತು. ಎರಡರಲ್ಲಿ ಯಾವುದು ನಂಗೆ ಉಳಿದರೂ ಬೇಜಾರಾಗಬಾರದು, ಹಾಗೆ ಇಡಬೇಕು. ಗದ್ದೆ ಒಂದು ಭಾಗ, ಬೋರ್‌ವೆಲ್ ಸಮೇತ ಹೊಲ ಇನ್ನೊಂದು ಭಾಗ ಅಂತ ಇಟ್ಟೆ. ಅವನು ಗದ್ದೆ ಎತ್ತುತ್ತಾನೆ ಅಂತ ನಾನು ಅಂದುಕೊಂಡಿದ್ದೆ. ನೀರಿರೋ ಜಾಗ ಯಾರು ಬಿಡ್ತಾರೆ? ಅವನು ಎತ್ತಿದ್ದು ಹನೂರಿನ ಹೊಲ. ಅವನು ಹಾಕಿದ ತೆಂಗಿನ ಸಸಿ ಅಲ್ಲಿವೆ, ಎಂಟು ವರ್ಷ ಅವನು ಕೂತ ಅಟ್ಟಣೆ ಅಲ್ಲಿದೆ. ನನ್ನ ಶೀಟಲ್ಲಿ ಅದಕ್ಕೆ ಕಾಲಮ್ ಇರಲಿಲ್ಲ. ಗದ್ದೆ ನಂಗೆ ಬಂತು. ಅದನ್ನೂ ಅವನೇ ವಾರಕ್ಕೆ ಮಾಡ್ತಿದ್ದಾನೆ.

ಎಲ್ಲಾ ಸರಿಹೋಯ್ತು ಅಂತ ಹೇಳೋಲ್ಲ. ಆ ಶೀಟ್ ನೋಡಿದ ರಾತ್ರಿ ಅವನ ಮನಸ್ಸಲ್ಲಿ ಏನಾಯ್ತೋ ಅದು ಇನ್ನೂ ಪೂರ್ತಿ ಹೋಗಿಲ್ಲ. ಮಾತಿನ ನಡುವೆ ಒಂದೊಂದು ಸಲ ತಣ್ಣಗಾಗ್ತಾನೆ. ನಾನೂ ಕೆದಕೋಕೆ ಹೋಗೋಲ್ಲ.

ಹಾಗಾದ್ರೆ ಪಾಯಿಂಟ್ ಬೇಕಾ, ಬೇಡ್ವಾ? ಗುರುತಿಲ್ಲದವರ ಜೊತೆ ಒಂದೇ ಒಂದು ಆಟ ಆಡೋದಾದ್ರೆ ಬೇಕು. ಬೆಂಗಳೂರಿನ ಶನಿವಾರದ ಟೇಬಲ್ಲಲ್ಲಿ ಹೊಸಬರು ಬಂದಾಗ ನಾನು ಈಗಲೂ ಪಾಯಿಂಟ್ ಪಟ್ಟಿ ತೆಗೀತೀನಿ. ನಾಳೆಯೂ ಎದುರು ಕೂರಬೇಕಾದವರ ಜೊತೆಗಾದ್ರೆ ಬೇರೆ ಮೂರು ದಾರಿ ಇವೆ: ಕಡೆ ಬದಲಿಸಿ, ಇಬ್ಬರಿಗೂ ಬೇರೆ ಬೇರೆ ಗುರಿ ಕೊಡಿ, ಒಬ್ಬರು ಭಾಗ ಮಾಡಿ ಇನ್ನೊಬ್ಬರು ಆರಿಸಲಿ. ಗೊಂಬೆ ಬೇಕೇ ಬೇಕು ಅಂತಿಲ್ಲ. ಮೂರು ಕಲ್ಲು, ಹದಿನೈದು ಹುಣಸೆ ಬೀಜ ಇದ್ದರೂ ಈ ಭಾನುವಾರವೇ ಶುರು ಮಾಡಬಹುದು.

ನಮ್ಮದು ಎರಡನೇ ಸುತ್ತು ನಡೀತಿದೆ. ಈಗ ತಮ್ಮ ಕಂಪನಿ, ನಾನು ಟಿಪ್ಪು ಕಡೆ. ನಕ್ಷೆ ಗೋಡೆ ಮೇಲಿದೆ. ವಾರಕ್ಕೊಮ್ಮೆ ಅವನು ಫೋಟೊ ಕಳಿಸ್ತಾನೆ, ನಾನು ನನ್ನ ನಡೆ ಹೇಳ್ತೀನಿ. ನಿನ್ನೆ ಬಂದ ಮೆಸೇಜು: ‘ಸೋಸಲೆ ದಾಟ್ದೆ. ಎತ್ತು ಎಲ್ಲಾ ಗಟ್ಟಿಯಾಗವೆ. ಊಟ ಆಯ್ತಾ?’